ಕೊಳ್ಳೆಯಾದ ಮೇಲೆ ಕೋಟೆ ಬಾಗಿಲೇ?

ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ! ತಿರುವೊಟ್ಟಿಯೂರಿನ ಕಡಲ ದಂಡೆಯಲ್ಲಿ ಬದುಕು ಕಟ್ಟಿಕೊಂಡಿರುವ ನಾವು ಈ ಗಾದೆಯನ್ನು ಎಷ್ಟು ಸಾರಿ ನೆನೆಯಬೇಕು?

2023ರ ಡಿಸೆಂಬರ್ 26ರಂದು, ಸುನಾಮಿ ಬಂದು ಸರಿಯಾಗಿ 19 ವರ್ಷ ತುಂಬಿದ ದಿನದ ರಾತ್ರಿ, ಎಣ್ಣೂರಿನ ಪೆರಿಯಕುಪ್ಪಂ ಬಳಿ ಸಮುದ್ರದೊಳಗಿನ ಕೊಳವೆಯಿಂದ ಅಮೋನಿಯಾ ಸೋರಿತು. ಕಣ್ಣುರಿ, ಉಸಿರುಕಟ್ಟು, ಜನ ನಿದ್ದೆಗಣ್ಣಿನಲ್ಲೇ ಮಕ್ಕಳನ್ನೆತ್ತಿಕೊಂಡು ಬೀದಿಗೆ ಓಡಿದರು. ಹಲವರು ಆಸ್ಪತ್ರೆ ಸೇರಿದರು. ಮೂರು ವಾರ ಮುಂಚೆಯಷ್ಟೇ ಮಿಚಾಂಗ್ ಚಂಡಮಾರುತದ ನೆರೆಯೊಂದಿಗೆ ಎಣ್ಣೆಯೂ ಹರಿದುಬಂದು ಎಣ್ಣೂರಿನ ಅಳಿವೆಯನ್ನು ಕಪ್ಪಾಗಿಸಿತ್ತು.

ಓಡಿದ್ದು ಸರಿ. ಆದರೆ ಯಾವ ಕಡೆಗೆ ಓಡಬೇಕು? ಅನಿಲ ಹೋಗುವ ಕಡೆಗಲ್ಲ, ಗಾಳಿಗೆ ಅಡ್ಡಲಾಗಿ ಸರಿಯಬೇಕು. ಅಮೋನಿಯಾ ನೀರಿನಲ್ಲಿ ಬೇಗ ಕರಗುವುದರಿಂದ ಒದ್ದೆ ಬಟ್ಟೆಯನ್ನು ಮೂಗುಬಾಯಿಗೆ ಹಿಡಿಯಬೇಕು. ಕಣ್ಣನ್ನು ಧಾರಾಳವಾಗಿ ನೀರಿನಿಂದ ತೊಳೆಯಬೇಕು. ಹೊರಗೆ ಹೋಗಲಾಗದವರು ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಬೇಕು. ಇಷ್ಟನ್ನು ಹೇಳಲು ಐದು ನಿಮಿಷ ಸಾಕು. ಆ ಐದು ನಿಮಿಷ ಅನಾಹುತದ ರಾತ್ರಿ ಸಿಗುವುದಿಲ್ಲ; ಸಾಮಾನ್ಯ ದಿನಗಳಲ್ಲೇ ಹೇಳಬೇಕು.

ಇದು ನಾವು ಬೇಡುವ ಉಪಕಾರವಲ್ಲ. 1984ರ ಭೋಪಾಲ ದುರಂತದ ನಂತರ ಬಂದ 1989ರ ನಿಯಮಗಳು, ಅಪಾಯಕಾರಿ ಕಾರ್ಖಾನೆಗಳು ಸುತ್ತಲಿನವರಿಗೆ ಮುಂಚಿತವಾಗಿ ತಿಳಿವಳಿಕೆ ಕೊಡಬೇಕೆನ್ನುತ್ತವೆ. 1996ರ ನಿಯಮಗಳ ಪ್ರಕಾರ ಕೈಗಾರಿಕಾ ಪ್ರದೇಶಗಳಲ್ಲಿ ಸ್ಥಳೀಯ ಸಮಿತಿಯೊಂದು ಪ್ರತಿ ತಿಂಗಳು ಸಭೆ ಸೇರಬೇಕು, ಆರು ತಿಂಗಳಿಗೊಮ್ಮೆ ಪೂರ್ಣ ಪ್ರಮಾಣದ ಅಣಕು ಕಾರ್ಯಾಚರಣೆ ನಡೆಸಬೇಕು, ಜನರಿಗೆ ಕಲಿಸಬೇಕು. ಆ ಸಮಿತಿಯಲ್ಲಿ ಸ್ಥಳೀಯ ಪತ್ರಿಕೆಯ ಸಂಪಾದಕರಿಗೂ ಸ್ಥಾನವಿದೆ! ಓದುಗರೇ, ನಿಮ್ಮ ಬೀದಿಗೆ ಯಾರಾದರೂ ಬಂದು ಕಲಿಸಿದ್ದುಂಟೇ?

ಕಾರ್ಪೊರೇಷನ್ ಸಿಬ್ಬಂದಿ ಮೊಬೈಲಿನಲ್ಲಿ ಸುದ್ದಿ ಕೊಡುತ್ತಾರಲ್ಲ ಎನ್ನಬಹುದು. ನಿಜ. ಮಿಚಾಂಗ್ ಸಮಯದಲ್ಲಿ ಯಾವ ಸುರಂಗ ರಸ್ತೆಯಲ್ಲಿ ನೀರು ನಿಂತಿದೆ ಎಂಬುದನ್ನು ಅವರು ಸಾಮಾಜಿಕ ಜಾಲತಾಣಗಳಲ್ಲಿ ತಿಳಿಸುತ್ತಿದ್ದರು. ಮಳೆಯಲ್ಲಿ ನೆನೆದು ದುಡಿದವರಿಗೆ ನಮ್ಮ ವಂದನೆ. ಆದರೆ ಆಗ ನಗರದ ಎಷ್ಟೋ ಕಡೆ ಕರೆಂಟು ಹೋಗಿ, ಫೋನುಗಳು ಮೂಕವಾಗಿದ್ದವು. ಮೊದಲೇ ತಲೆಗೆ ಹೋಗಿರದ ಮಾತು ಕತ್ತಲಲ್ಲಿ ಕೈಗೆ ಬರುವುದು ಹೇಗೆ?

ಇನ್ನೊಂದು ಮಾತು. ಸೂಚನೆಗಳು ತಮಿಳು, ಇಂಗ್ಲಿಷಿನಲ್ಲಿ ಬರುತ್ತವೆ. ನಮ್ಮ ಎಷ್ಟೋ ಮನೆಗಳ ಹಿರಿಯರು ತಮಿಳನ್ನು ಚೆನ್ನಾಗಿ ಆಡಬಲ್ಲರು, ಓದಲಾರರು. ಇದು ಭಾಷೆಯ ಜಗಳವಲ್ಲ. ತಮಿಳುನಾಡಿನ ಆಡಳಿತ ತಮಿಳಿನಲ್ಲಿ ನಡೆಯುವುದೇ ನ್ಯಾಯ. ನಾವು ಕೇಳುವುದು ಚಿತ್ರ ಮತ್ತು ಬಾಯಿಮಾತು. ಓದು ಬಾರದ ತಮಿಳರಿಗೂ, ತೆಲುಗರಿಗೂ ಅದೇ ದಾರಿ.

2011ರಲ್ಲಿ ತಿರುವೊಟ್ಟಿಯೂರು ನಗರಸಭೆ ಹೋಗಿ ಚೆನ್ನೈ ಮಹಾನಗರದ 1ನೇ ವಲಯವಾಯಿತು. ಕಚೇರಿ ದೊಡ್ಡದಾದಂತೆ ಅದರ ಧ್ವನಿ ದೂರವಾಗಬಾರದು. ಈಶಾನ್ಯ ಮಾರುತ ಅಕ್ಟೋಬರಿನಲ್ಲಿ ಬರುತ್ತದೆ. ಸೆಪ್ಟೆಂಬರಿನಲ್ಲೇ ವಾರ್ಡಿನ ಸಿಬ್ಬಂದಿ ಬೀದಿಗೆ ಬರಲಿ. ಯಾವ ಕಾರ್ಖಾನೆಯಲ್ಲಿ ಯಾವ ಅನಿಲವಿದೆ, ಸೈರನ್ ಕೂಗಿದರೆ ಏನು ಅರ್ಥ, ಯಾವ ಶಾಲೆ ಆಶ್ರಯತಾಣ ಎಂಬುದು ರೇಷನ್ ಅಂಗಡಿಯ ಗೋಡೆಯ ಮೇಲೆ ಚಿತ್ರವಾಗಿ ಇರಲಿ. ಅಣಕು ಕಾರ್ಯಾಚರಣೆಗೆ ನಮ್ಮನ್ನೂ ಕರೆಯಲಿ.

“ನಾವು ಹೊರಗಿನವರು, ನಮಗೇಕೆ ಈ ಉಸಾಬರಿ?” ಎನ್ನುವವರು ನಮ್ಮಲ್ಲೇ ಇದ್ದಾರೆ. ಮನೆ ತೆರಿಗೆ ಕಟ್ಟುವಾಗ, ವೋಟು ಹಾಕುವಾಗ ನಾವು ಒಳಗಿನವರೇ. ವಿಷಗಾಳಿ ಮನೆಮಾತು ಯಾವುದೆಂದು ಕೇಳಿ ಒಳಗೆ ಬರುವುದಿಲ್ಲ. 1913ಕ್ಕೆ ಫೋನು ಮಾಡಿ, ವಾರ್ಡ್ ಸದಸ್ಯರನ್ನು ಕಂಡು, ಮುಂದಿನ ಅಣಕು ಕಾರ್ಯಾಚರಣೆ ಯಾವಾಗ ಎಂದು ಕೇಳಿ. ಉತ್ತರ ಬರುವವರೆಗೂ ಕೇಳುತ್ತಲೇ ಇರಿ.