ಮಿಕ್ಸರ್ ಬಿಡಿ, ಗೋಡೆಗೆ ಕೌದಿ ಕಟ್ಟಿ

ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಮನೆಯ ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡ ಗೆಳೆಯರಿಗೆ ಒಂದು ಮಾತು. 'ಅನಲಾಗ್ ಮಿಕ್ಸರ್ ಇಲ್ಲದೆ ಹಾಡಿಗೆ ಜೀವ ಬರುವುದಿಲ್ಲ' ಎಂಬುದನ್ನು ನಂಬಿ ಸಾಲ ಮಾಡಬೇಡಿ.

ಲೆಕ್ಕ ನೋಡಿ. ಹಳೆಯ ಕ್ಯಾಸೆಟ್‌ನಲ್ಲಿ ಗಟ್ಟಿ ದನಿಗೂ ಟೇಪಿನ ಸುಸ್ ಸದ್ದಿಗೂ ಇರುವ ಅಂತರ 50-60 ಡೆಸಿಬಲ್. 16 ಬಿಟ್ ಡಿಜಿಟಲ್‌ನಲ್ಲಿ ಸುಮಾರು 96. ಟೇಪಿನ 'ಬೆಚ್ಚನೆಯ ದನಿ' ಎಂದು ಹೊಗಳುವುದು, ಟೇಪು ತಾಳಲಾರದೆ ದನಿ ತುಸು ಕೆಟ್ಟದ್ದನ್ನು. ಅದೂ ಬೇಕೆಂದರೆ ಪ್ಲಗಿನ್ ಇದೆ.

ಆದರೆ ಅನಲಾಗ್‌ನವರ ಒಂದು ದೂರು ನಿಜ. ಅವರು ಕಿವಿಯಿಂದ ಮಿಕ್ಸ್ ಮಾಡಿದರು, ನಾವು ಪರದೆ ನೋಡಿ ಮಾಡುತ್ತೇವೆ. ತತ್ವಪದಕ್ಕೆ ಆಟೊಟ್ಯೂನ್ ಹಾಕಿ, ಏಕತಾರಿಯ ಮೇಲೆ ಡಿಜೆ ಬೀಟ್ ಹೇರಿ, ಪದದ ಮಾತೇ ಕೇಳದಂತೆ ಮಾಡಿದ್ದು ಕಂಪ್ಯೂಟರ್ ಅಲ್ಲ, ನಾವು. ಎಲ್ಲವನ್ನೂ ಜೋರು ಮಾಡಿ ಏನು ಸಿಕ್ಕಿತು? ಮಿತಿ ಮೀರಿದರೆ ಯೂಟ್ಯೂಬ್ ತಾನೇ ದನಿ ತಗ್ಗಿಸುತ್ತದೆ.

ಬರಿಗೋಡೆಯ ಕೋಣೆಯಲ್ಲಿ ದನಿ ಗುಂಯ್‌ಗುಡುತ್ತದೆ. ಅದನ್ನು ಲಕ್ಷದ ಮಿಕ್ಸರೂ ತೆಗೆಯಲಾರದು. ಅವ್ವ ಹೊಲಿದ ನಾಲ್ಕು ಕೌದಿ ಕಟ್ಟಿ, ಒಂದು ಒಳ್ಳೆಯ ಮೈಕ್ ಕೊಳ್ಳಿ. ಉಳಿದ ದುಡ್ಡು ಹಾಡಿದ ಅಜ್ಜಿಯ ಕೈಗಿಡಿ.

ವಿಡಿಯೊದಲ್ಲಿ ಸ್ಟುಡಿಯೊ ಹೆಸರು, ಫೋನ್ ನಂಬರ್ ದಪ್ಪಕ್ಷರದಲ್ಲಿ ಇರುತ್ತವೆ. ಹಾಡಿದವಳ ಹೆಸರೇ ಇರುವುದಿಲ್ಲ. ಮೊದಲು ಸರಿಪಡಿಸಬೇಕಾದ ಮಿಕ್ಸಿಂಗ್ ಅದು.