ಗಣಿಯ ಬಾಯಿಯ ಮುಂದೆ

ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ತಮ್ಮನ ಮಗನೂ ಅವನ ಗೆಳೆಯನೊಬ್ಬನೂ ಹುಬ್ಬಳ್ಳಿಯಿಂದ ಬೆಂಗಳೂರಿನ ನಮ್ಮ ಮನೆಗೆ ಬಂದಿದ್ದರು. ಇಬ್ಬರೂ ಕಾಲೇಜಿನ ಮೊದಲ ವರ್ಷದ ಹುಡುಗರು. ಲಾಲ್‌ಬಾಗನ್ನೋ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯವನ್ನೋ ತೋರಿಸೋಣವೆಂದರೆ ಅವರಿಗೆ ಬೇಡವಾಗಿತ್ತು. ಕೋಲಾರದ ಚಿನ್ನದ ಗಣಿಗಳನ್ನು ನೋಡಬೇಕು, ಸಾಧ್ಯವಾದರೆ ಒಳಗೂ ಹೊಕ್ಕು ಬರಬೇಕು ಎಂಬುದು ಅವರ ಹಟ. 2018ರಲ್ಲಿ ಕೆ.ಜಿ.ಎಫ್. ಎಂಬ ಚಲನಚಿತ್ರ ಬಂದಂದಿನಿಂದ ಈ ಆಸೆ ಎಷ್ಟೋ ಮನೆಗಳ ಮಕ್ಕಳಲ್ಲಿ ಮೊಳೆತಿರುವುದನ್ನು ನಾವು ಬಲ್ಲೆವು. ಹಾಳುಬಿದ್ದ ಗಣಿಗಳೊಳಗೆ ಟಾರ್ಚು ಹಿಡಿದು ಅಲೆಯುವ ಸಾಹಸಿಗರ ವಿಡಿಯೋಗಳನ್ನು ಹುಡುಗರು ಮೊಬೈಲಿನಲ್ಲಿ ನೋಡಿ ನೋಡಿ ತಲೆತುಂಬ ತುಂಬಿಕೊಂಡಿದ್ದರು. ಬೇಡವೆಂದರೆ ತಾವೇ ಹೊರಟಾರು ಎಂಬ ಭಯದಿಂದ ನಾವೇ ಕರೆದೊಯ್ಯುವುದು ಲೇಸೆಂದು ಬಗೆದೆವು. ನಮ್ಮ ಮನೆಯವರೂ ಸೇರಿ ಒಟ್ಟು ನಾಲ್ವರಾದೆವು.

ಬಂಗಾರಪೇಟೆಯಲ್ಲಿ ಮುಖ್ಯಮಾರ್ಗದಿಂದ ಕವಲೊಡೆಯುವ ರೈಲು ಹಳಿ ಸುಮಾರು ಹತ್ತು ಮೈಲಿ ಸಾಗಿ ಮಾರಿಕುಪ್ಪಂನಲ್ಲಿ ಕೊನೆಗೊಳ್ಳುತ್ತದೆ. ಕೊರಮಂಡಲ, ಊರಗಾಂ, ಚಾಂಪಿಯನ್ ಎಂಬ ನಿಲ್ದಾಣಗಳ ಹೆಸರುಗಳೇ ಗಣಿಗಳ ಇತಿಹಾಸವನ್ನು ಹೇಳುತ್ತವೆ. ನಾವು ಹೋದ ಗಾಡಿಯಲ್ಲಿ ಜನ ವಿರಳ. ಎದುರಿನಿಂದ ಬೆಂಗಳೂರಿಗೆ ಹೊರಟಿದ್ದ ಗಾಡಿಯ ಬಾಗಿಲುಗಳಲ್ಲಿಯೂ ಜನ ಜೋತಾಡುತ್ತಿದ್ದರು. ಆಗ ನಾವು ಅದರ ಅರ್ಥವನ್ನು ಅಷ್ಟಾಗಿ ಯೋಚಿಸಲಿಲ್ಲ.

ನಿಲ್ದಾಣದಲ್ಲಿ ನಮ್ಮನ್ನು ಎದುರುಗೊಂಡವರು ಮಿತ್ರರೊಬ್ಬರ ಪರಿಚಯದ ಹಿರಿಯರು. ಎಪ್ಪತ್ತು ದಾಟಿದ ವಯಸ್ಸು. ಇಪ್ಪತ್ತೈದಕ್ಕೂ ಹೆಚ್ಚು ವರ್ಷ ನೆಲದಡಿಯಲ್ಲಿ ದುಡಿದವರು. ಅವರ ಅಜ್ಜ ತಮಿಳುನಾಡಿನ ಕಡೆಯಿಂದ ಗಣಿಗೆ ಕೂಲಿಯಾಗಿ ಬಂದವರಂತೆ. ಇಲ್ಲಿನ ಬಹುಪಾಲು ಕುಟುಂಬಗಳ ಕಥೆ ಅದೇ. ಅವರ ಕನ್ನಡದಲ್ಲಿ ತಮಿಳಿನ ಇಂಪು ಬೆರೆತಿತ್ತು. ಹುಡುಗರನ್ನು 'ತಂಬಿ' ಎಂದು ಕರೆದು ಮೊದಲ ಐದು ನಿಮಿಷಗಳಲ್ಲಿಯೇ ತಮ್ಮವರನ್ನಾಗಿ ಮಾಡಿಕೊಂಡರು.

ಗಣಿಗಳ ವೈಭವವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ. 1875ರಲ್ಲಿ ಲಾವೆಲ್ ಎಂಬ ಐರಿಷ್ ಸೈನಿಕ ಮೈಸೂರು ಸರ್ಕಾರದಿಂದ ಇಲ್ಲಿ ಚಿನ್ನ ಹುಡುಕುವ ಪರವಾನಗಿ ಪಡೆದ. 1880ರ ಸುಮಾರಿಗೆ ಲಂಡನ್ನಿನ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. ಈ ಗಣಿಗಳಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರ ವಿದ್ಯುತ್ತು ಹರಿಯಿತು. ಬೆಂಗಳೂರಿನ ಬೀದಿಗಳಿಗೆ ಆ ದೀಪ ದೊರೆತದ್ದು ಮೂರು ವರ್ಷ ತಡವಾಗಿ! 1956ರಲ್ಲಿ ಗಣಿಗಳು ರಾಜ್ಯ ಸರ್ಕಾರದ ಕೈಸೇರಿ, ಮುಂದೆ ಕೇಂದ್ರಕ್ಕೆ ಹೋದವು. ನೂರಿಪ್ಪತ್ತು ವರ್ಷಗಳಲ್ಲಿ ಇಲ್ಲಿಂದ ಹೊರಬಂದ ಚಿನ್ನ ಸುಮಾರು 800 ಟನ್. ಅಗೆದ ಆಳ ಮೂರು ಕಿಲೋಮೀಟರಿಗೂ ಮಿಗಿಲು. ಮೊದಮೊದಲು ಒಂದು ಟನ್ ಕಲ್ಲಿಗೆ ನಲವತ್ತು ಗ್ರಾಮಿಗೂ ಹೆಚ್ಚು ಚಿನ್ನ ಸಿಕ್ಕುತ್ತಿದ್ದುದು ಕೊನೆಕೊನೆಗೆ ಮೂರು ಗ್ರಾಮಿನಷ್ಟಕ್ಕೆ ಇಳಿಯಿತು. ಆಳ ಹೆಚ್ಚಿತು, ಖರ್ಚು ಹೆಚ್ಚಿತು, ಬರುವುದು ಕಡಿಮೆಯಾಯಿತು. 2001ರ ಫೆಬ್ರುವರಿ 28ರಂದು ಕೆಲಸ ನಿಂತಿತು.

ಹಿರಿಯರು ನಮ್ಮನ್ನು ಕಾರ್ಮಿಕರ ಲೈನು ಮನೆಗಳ ನಡುವೆ ಕರೆದೊಯ್ದರು. ಸಾಲುಸಾಲಾಗಿ ಕೈಗೆಟುಕುವ ಮಾಡಿನ ಪುಟ್ಟ ಮನೆಗಳು. ಕೆಲವಕ್ಕೆ ಬೀಗ, ಕೆಲವಕ್ಕೆ ಬಾಗಿಲೇ ಇಲ್ಲ. ಗೋಡೆ ಸೀಳಿ ಅರಳಿಯ ಗಿಡ ಬೆಳೆದಿದೆ. ಆದರೆ ಪಕ್ಕದ ಮನೆಯ ಮುಂದೆ ಹಸಿ ರಂಗೋಲಿ, ತಂತಿಯ ಮೇಲೆ ಒಣಹಾಕಿದ ಶಾಲೆಯ ಸಮವಸ್ತ್ರ. ಆಚೆಗೆ ದೊರೆಗಳು ಇದ್ದ ಬಂಗಲೆಗಳು, ಮುಚ್ಚಿದ ಕಾರ್ಯಾಗಾರಗಳು. ಎಲ್ಲಕ್ಕೂ ಮೇಲೆ, ನಿಂತೇ ತುಕ್ಕು ಹಿಡಿದಿರುವ ಎತ್ತರದ ಕಬ್ಬಿಣದ ಗೋಪುರಗಳು. ಒಂದು ಕಾಲಕ್ಕೆ ಅವುಗಳ ತುದಿಯ ಗಾಲಿಗಳು ತಿರುಗಿದರೆ ಕೇಜು ಎಂಬ ಬೋನಿನಲ್ಲಿ ಜನ ಪಾತಾಳಕ್ಕೆ ಇಳಿಯುತ್ತಿದ್ದರು.

"ಇದು ಭೂತಗಳ ಊರು, ದೊಡ್ಡಪ್ಪ" ಎಂದು ನಮ್ಮ ಹುಡುಗ ಪಿಸುಗುಟ್ಟಿದ. ಹಿರಿಯರ ಕಿವಿಗೆ ಅದು ಬಿದ್ದಿರಬೇಕು. ಅವರು ಏನನ್ನೂ ಹೇಳಲಿಲ್ಲ.

ಸ್ವಲ್ಪ ದೂರದಲ್ಲಿ ಜಾಲಿಯ ಪೊದೆಗಳ ನಡುವೆ ಮುಳ್ಳುತಂತಿಯ ಬೇಲಿಯೊಂದು ಕಂಡಿತು. ಅದರಲ್ಲಿ ಆಡು ನುಗ್ಗುವಷ್ಟು ಕಂಡಿ. ಒಳಗೆ ಇಳಿಜಾರಾಗಿ ಕತ್ತಲೆಗೆ ಸಾಗಿದ ಹಳೆಯ ಸುರಂಗದ ಬಾಯಿ. ನಾವು ನೋಡನೋಡುತ್ತಿದ್ದಂತೆ ಹುಡುಗರಿಬ್ಬರೂ ಬೇಲಿಯ ಆಚೆಗಿದ್ದರು. ಚೀಲದಲ್ಲಿ ಟಾರ್ಚು ತಂದಿದ್ದುದು ನಮಗೆ ಆಗಲೇ ತಿಳಿದದ್ದು. ನಾವು ಕೂಗುವ ಮುನ್ನವೇ ಆ ವೃದ್ಧರು, ಆ ವಯಸ್ಸಿನಲ್ಲಿ ಅಷ್ಟು ಬಲ ಎಲ್ಲಿತ್ತೋ, ಒಳನುಗ್ಗಿ ಇಬ್ಬರ ರಟ್ಟೆಯನ್ನೂ ಹಿಡಿದು ಎಳೆದು ತಂದರು. ಅವರ ಕೈ ನಡುಗುತ್ತಿತ್ತು. ಅವರ ಮುಖದಲ್ಲಿದ್ದುದು ಕೋಪವಲ್ಲ, ಭಯ. ಮೂರು ಕಿಲೋಮೀಟರು ಆಳ ಬಲ್ಲ ಮನುಷ್ಯ ಹತ್ತು ಮಾರು ಕತ್ತಲೆಗೆ ಅಂಜಿದ್ದನ್ನು ಕಂಡು ಹುಡುಗರು ಬೆರಗಾದರು.

"ನೀವು ಜೀವಮಾನವೆಲ್ಲ ಒಳಗೇ ಇದ್ದಿರಲ್ಲ ತಾತ, ನಾವು ಹತ್ತು ನಿಮಿಷ ಹೋದರೇನು?" ಎಂದು ಗೆಳೆಯ ಕೇಳಿದ.

ಹಿರಿಯರು ಬಂಡೆಯೊಂದರ ಮೇಲೆ ಕುಳಿತು ಕೊಟ್ಟ ಉತ್ತರವನ್ನು ನಮಗೆ ನೆನಪಿರುವಷ್ಟು ಇಲ್ಲಿ ಬರೆಯುತ್ತೇವೆ. ಅವರು ಇಳಿಯುತ್ತಿದ್ದುದು ಬದುಕಿದ್ದ ಗಣಿಗೆ. ಮೇಲಿನಿಂದ ಯಂತ್ರಗಳು ಗಾಳಿಯನ್ನು ತಳ್ಳುತ್ತಿದ್ದವು. ಬಂಡೆ ಮೈ ಸುಡುವಷ್ಟು ಕಾಯುತ್ತಿದ್ದ ಆಳಕ್ಕೆ ತಂಪುಗಾಳಿ ಬರುತ್ತಿತ್ತು. ಪಂಪುಗಳು ಹಗಲೂ ಇರುಳೂ ನೀರೆತ್ತುತ್ತಿದ್ದವು. ಆಸರೆಯ ಮರಗಳನ್ನು ತಟ್ಟಿ ನೋಡುವವರು ಬೇರೆಯೇ ಇದ್ದರು. ಅಷ್ಟಿದ್ದೂ ಬಂಡೆ ಸಿಡಿಯುತ್ತಿತ್ತು. ಊರಿನ ಮನೆಗಳು ನಡುಗಿದಾಗ ಹೆಂಗಸರು ಗಣಿಯ ಬಾಗಿಲಿಗೆ ಓಡಿ ಬರುತ್ತಿದ್ದರು. ಧೂಳು ಕುಡಿದು ಪುಪ್ಪುಸ ಕಲ್ಲಾದವರೂ ಹಲವರು. ಆದರೂ ಇಳಿಯುವ ಪ್ರತಿಯೊಬ್ಬನಿಗೂ ಒಂದು ಸಂಖ್ಯೆಯ ಬಿಲ್ಲೆ ಇತ್ತು. ಪಾಳಿ ಮುಗಿದಾಗ ಬಿಲ್ಲೆಗಳನ್ನು ಎಣಿಸುತ್ತಿದ್ದರು. ಒಂದು ಕಡಿಮೆಯಾದರೆ ಅವನು ಸಿಗುವವರೆಗೆ ಯಾರೂ ಸುಮ್ಮನಿರುತ್ತಿರಲಿಲ್ಲ.

"ಈಗ ಗಾಳಿ ಇಲ್ಲ, ಪಂಪು ಇಲ್ಲ, ಮರ ಕೊಳೆತಿದೆ. ನೀವು ಒಳಗೆ ಹೋದರೆ ಎಣಿಸುವವರು ಯಾರು, ತಂಬಿ?" ಎಂದರು.

ಗಾಳಿಯ ಮಾತು ಹುಡುಗರಿಗೆ ಮನದಟ್ಟಾದಂತೆ ಕಾಣಲಿಲ್ಲ. ಬಾಯಿ ತೆರೆದೇ ಇದೆಯಲ್ಲ ಎಂದು ವಾದಿಸಿದರು. ಅದುವರೆಗೆ ಸುಮ್ಮನಿದ್ದ ನಮ್ಮ ಮನೆಯವರು ಆಗ ತಮ್ಮ ತವರಿನ ಹಗೇವಿನ ಮಾತು ತೆಗೆದರು. ಧಾರವಾಡ, ವಿಜಯಪುರದ ಕಡೆಯ ನಮ್ಮ ಹಿರಿಯ ವಾಚಕರಿಗೆ ಹಗೇವು ಏನೆಂದು ಹೇಳಬೇಕಾಗಿಲ್ಲ. ಜೋಳವನ್ನು ತುಂಬಿ ಬಾಯಿ ಮುಚ್ಚಿಡುತ್ತಿದ್ದ ನೆಲದೊಳಗಿನ ಕಣಜ. ಅದನ್ನು ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಅವರ ಬಾಲ್ಯದಲ್ಲಿ ಅವಸರಪಟ್ಟು ಇಳಿದ ಆಳೊಬ್ಬ ಕುಸಿದ. ಅವನನ್ನು ಎತ್ತಲು ಇಳಿದ ಅವನ ಅಣ್ಣನೂ ಮೇಲೆ ಬರಲಿಲ್ಲ. ಈ ಕಥೆಯನ್ನು ಅವರು ನಮಗೂ ಹಿಂದೆ ಹೇಳಿರಲಿಲ್ಲ.

ಗಣಿಯಲ್ಲಿ ನಡೆಯುವುದೂ ಅದೇ. ಕೊಳೆಯುವ ಮರ, ತುಕ್ಕು ಹಿಡಿಯುವ ಕಬ್ಬಿಣ ಇವೆರಡೂ ಒಳಗಿನ ಆಮ್ಲಜನಕವನ್ನು ತಿನ್ನುತ್ತವೆ. ನಾವು ಉಸಿರಾಡುವ ಗಾಳಿಯಲ್ಲಿ ಅದು ನೂರಕ್ಕೆ 21 ಪಾಲು. 16ಕ್ಕಿಂತ ಇಳಿದರೆ ಬುದ್ಧಿ ಮಂಕಾಗುತ್ತದೆ. 10ಕ್ಕಿಂತ ಇಳಿದರೆ ಪ್ರಜ್ಞೆ ತಪ್ಪಬಹುದು. ಕೆಟ್ಟ ಗಾಳಿಗೆ ಬಣ್ಣವಿಲ್ಲ, ಅನೇಕ ವೇಳೆ ವಾಸನೆಯೂ ಇಲ್ಲ. ಬುದ್ಧಿಯೇ ಮೊದಲು ಮಂಕಾಗುವುದರಿಂದ ಹಿಂದಿರುಗಬೇಕೆಂಬ ಯೋಚನೆಯೂ ಬರುವುದಿಲ್ಲ. ಕಂದೀಲಿನ ಪರೀಕ್ಷೆಯೂ ಇಲ್ಲಿ ಸಾಲದು. ದೀಪ ಉರಿಯುತ್ತಿರುವಾಗಲೇ ಕೊಲ್ಲುವ ವಿಷಾನಿಲಗಳಿವೆ. ಇನ್ನು ನೆಲವೆಂದು ಕಾಲಿಟ್ಟದ್ದು ಆಳವಾದ ಗುಂಡಿಗೆ ಹೊದಿಸಿದ ಕೊಳೆತ ಹಲಗೆಯಾಗಿರಬಹುದು. ಮೊಣಕಾಲುದ್ದದ ನೀರೆಂದು ತೋರಿದ್ದು ನೂರಾರು ಅಡಿಯ ಬಾವಿಯಾಗಿರಬಹುದು. 2020ರ ಮೇ ತಿಂಗಳಲ್ಲಿ ಮಾರಿಕುಪ್ಪಂ ಬಳಿಯ ಮುಚ್ಚಿದ ಗಣಿಯೊಂದಕ್ಕೆ ಗುಟ್ಟಾಗಿ ಇಳಿದವರಲ್ಲಿ ಮೂವರು ಜೀವ ಕಳೆದುಕೊಂಡರು. ಅವರನ್ನು ಕೆಳಗೆ ಕರೆದೊಯ್ದದ್ದು ಸಾಹಸದ ಚಪಲವಲ್ಲ, ಅಳಿದುಳಿದ ಲೋಹದ ಆಸೆ ಎಂದು ಪತ್ರಿಕೆಗಳು ಬರೆದವು. ಕೆಲಸವಿಲ್ಲದ ಊರಿನಲ್ಲಿ ಆ ಆಸೆಯನ್ನು ಹಳಿಯಲು ನಮಗೆ ಮನಸ್ಸು ಬಾರದು. ನಮ್ಮ ಮಕ್ಕಳಿಗೆ ಅಂತಹ ಯಾವ ಅನಿವಾರ್ಯವೂ ಇಲ್ಲವಲ್ಲ!

ಇದು ಕೋಲಾರದ ಮಾತಷ್ಟೇ ಅಲ್ಲ. ಗದಗಿನ ಕಪ್ಪತಗುಡ್ಡದಲ್ಲಿಯೂ ಹಿಂದಿನವರು ಚಿನ್ನಕ್ಕಾಗಿ ಅಗೆದು ಬಿಟ್ಟ ಗುಂಡಿಗಳಿವೆ. ರಜೆಯಲ್ಲಿ ಗುಡ್ಡ ಹತ್ತುವ ಮಕ್ಕಳು ನಮ್ಮ ವಾಚಕರ ಮನೆಗಳಲ್ಲಿ ಎಷ್ಟು ಮಂದಿ ಇರುವರೋ!

ಮಧ್ಯಾಹ್ನದ ನಂತರ ಸೈನೈಡ್ ಗುಡ್ಡಗಳನ್ನು ದೂರದಿಂದಲೇ ನೋಡಿದೆವು. ಚಿನ್ನ ತೆಗೆದುಳಿದ ಕಲ್ಲಿನ ಹುಡಿಯ ರಾಶಿಗಳವು. ಇಂತಹವು ಹದಿಮೂರು, ಒಟ್ಟು ಮೂರು ಕೋಟಿ ಟನ್ನಿಗೂ ಮಿಗಿಲು. ಗಾಳಿ ಬೀಸಿದಾಗ ಹುಡಿ ಮನೆಗಳೊಳಗೆ ಬರುತ್ತದೆ. ಆ ರಾಶಿಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ನೀಡಿತು. ಹಿರಿಯರನ್ನು ಆ ಬಗ್ಗೆ ಕೇಳಿದೆವು. "ಮೊಮ್ಮಗನಿಗೆ ಕೆಲಸ ಸಿಕ್ಕರೆ ನಂಬುತ್ತೇನೆ ಸಾರ್" ಎಂದಷ್ಟೇ ಹೇಳಿದರು.

ಅವರ ಮನೆಯಲ್ಲಿ ಚಹಾ ಕುಡಿದೆವು. ಸೊಸೆ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಗಂಡನಿಗೆ ಬುತ್ತಿ ಕಟ್ಟಿದವರು, ಸಂಜೆಗೂ ಒಲೆಯ ಮುಂದೆಯೇ ಇದ್ದರು. ಹುಡುಗರು ಹಳೆಯ ಬಿಲ್ಲೆ ಇದೆಯೇ ಎಂದು ಕೇಳಿದಾಗ ಹಿರಿಯರು ದೇವರ ಗೂಡಿನಿಂದ ಹಿತ್ತಾಳೆಯ ತುಣುಕೊಂದನ್ನು ತಂದು ಅಂಗೈಯಲ್ಲಿಟ್ಟರು. ಅಂಕಿಗಳು ಸವೆದು ಹೋಗಿದ್ದವು. ನಮ್ಮ ಹುಡುಗ ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದ.

ನಾವು ನಿಲ್ದಾಣಕ್ಕೆ ಬರುವ ಹೊತ್ತಿಗೆ ಬೆಂಗಳೂರಿನ ಗಾಡಿ ಬಂದು ನಿಂತಿತು. ಬೆಳಿಗ್ಗೆ ಜೋತಾಡುತ್ತ ಹೋದವರೆಲ್ಲ ಇಳಿಯತೊಡಗಿದರು: ಕಾರ್ಖಾನೆಗಳ ಯುವಕರು, ಅಂಗಡಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳು, ಕೈಯಲ್ಲಿ ಬರಿದಾದ ಬುತ್ತಿಯ ಡಬ್ಬಿ, ಹೆಗಲಲ್ಲಿ ಮಲಗಿದ ಕೂಸು. ಐದು ನಿಮಿಷಗಳ ಹಿಂದೆ ಖಾಲಿಯಾಗಿದ್ದ ಬೀದಿಯಲ್ಲಿ ನಡೆಯಲು ಜಾಗವಿರಲಿಲ್ಲ. 2011ರ ಜನಗಣತಿಯಲ್ಲಿ ಈ ಪಟ್ಟಣದ ಜನಸಂಖ್ಯೆ ಒಂದೂವರೆ ಲಕ್ಷಕ್ಕೂ ಮಿಗಿಲಾಗಿತ್ತು. ಹಗಲಿನಲ್ಲಿ ಬಂದ ನಾವು ಅವರ ಖಾಲಿ ಮನೆಗಳನ್ನಷ್ಟೇ ಕಂಡಿದ್ದೆವು. ಬೆಳಿಗ್ಗೆ ಭೂತಗಳ ಮಾತಾಡಿದ್ದ ನಮ್ಮ ಹುಡುಗ ಜನರಿಗೆ ದಾರಿ ಬಿಡುತ್ತ ಗೋಡೆಗೆ ಒತ್ತಿ ನಿಂತಿದ್ದ.

ಗಾಡಿ ಹೊರಡುವಾಗ ಹಿರಿಯರು ಕಿಟಕಿಯ ಬಳಿ ಬಂದು, ಎಷ್ಟೇ ಹೊತ್ತಾದರೂ ಮನೆ ತಲುಪಿದ ಮೇಲೆ ಫೋನು ಮಾಡಬೇಕೆಂದರು. ರಾತ್ರಿ ಹನ್ನೊಂದಾಗಿತ್ತು, ಮಲಗಿದ್ದಾರೇನೋ ಎಂದು ಅಳುಕುತ್ತಲೇ ಕರೆ ಮಾಡಿದೆವು. ಮೊದಲ ಸದ್ದಿಗೇ ಎತ್ತಿಕೊಂಡರು.

"ನಾಲ್ವರೂ ಸೇರಿದಿರಾ, ಸಾರ್?"

"ನಾಲ್ವರೂ ಸೇರಿದೆವು" ಎಂದೆವು.

"ಸರಿ" ಎಂದು ಅವರು ಫೋನನ್ನು ಕೆಳಗಿಟ್ಟರು.