ಇನ್ನೂರರ ಗೆರೆ ಮತ್ತು ನಮ್ಮ ಮನೆಯ ಮೀಟರು



ಸಾಲಕ್ಕೆ ಕಾರಣ ಬೆಲೆ. ಈ ಪುಟಗಳಲ್ಲಿ ಅದನ್ನು ಎಷ್ಟು ಸಲ ಬರೆದರೂ ಕಡಿಮೆಯೇ. 2025-26ಕ್ಕೆ ಸೋಯಾ ಅವರೆಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 5,328 ರೂಪಾಯಿ ಬೆಂಬಲ ಬೆಲೆ ಸಾರಿತು. ಸಾರಿದ್ದು ಕಾಗದದ ಮೇಲೆ. ಖರೀದಿ ಕೇಂದ್ರ ತೆರೆಯುವ ಮೊದಲೇ ಅಡತಿಯವನ ತಕ್ಕಡಿಗೆ ಮಾಲು ಹಾಕಿ ಬಂದವರು ನಾವೇ ಅಲ್ಲವೇ? ಹಾಗಿರುವಾಗ ಬಲ್ಬು, ಫ್ಯಾನು, ಮೀಟರು ಎಂದು ಬರೆಯಲು ಕುಳಿತರೆ ನೀವು ಕೇಳುತ್ತೀರಿ: "ಏನ್ರೀ, ನಮ್ಮ ಸಾಲ ಬಲ್ಬಿನಿಂದ ಆಗ್ಯಾದೇನು?"

ಆಗಿಲ್ಲ. ಖರೇ ಮಾತು. ಬಲ್ಬು ಆರಿಸಿ ಯಾವ ರೈತನೂ ಸಾಲದಿಂದ ಪಾರಾಗಲಾರ. ಉಳಿತಾಯದ ಉಪದೇಶ ಮಾಡುವವರು ಬಹುತೇಕ ಹೊಟ್ಟೆ ತುಂಬಿದವರು, ಅದೂ ನಮಗೆ ಗೊತ್ತು. ಆದರೂ ಈ ಮಾತು ಎತ್ತಲು ಕಾರಣವಿದೆ. ನಮ್ಮ ಮನೆಯ ಗೋಡೆಯ ಮೇಲೆ ಒಂದು ಪೆಟ್ಟಿಗೆ ಇದೆ. ಹಗಲೂ ರಾತ್ರಿ ಲೆಕ್ಕ ಬರೆಯುತ್ತದೆ. ಮನೆಯಲ್ಲಿ ಅದನ್ನು ಓದುವವರು ಯಾರೂ ಇಲ್ಲ. ತಿಂಗಳಿಗೊಮ್ಮೆ ಬರುವ ಹುಡುಗ ಓದುತ್ತಾನೆ, ಚೀಟಿ ಹರಿದು ಕೊಡುತ್ತಾನೆ, ನಾವು ಮೊಳೆಗೆ ಸಿಕ್ಕಿಸುತ್ತೇವೆ. ನಮ್ಮ ಲೆಕ್ಕವನ್ನು ಪರರ ಕೈಗೆ ಕೊಟ್ಟು ಕೂತದ್ದೇ ನಮ್ಮ ಹಳೆಯ ರೋಗ. ತೂಕದಲ್ಲಿ ಹಾಗೇ ಆಯಿತು, ಬಡ್ಡಿಯಲ್ಲಿ ಹಾಗೇ ಆಯಿತು, ಈಗ ಕರೆಂಟಿನಲ್ಲಿ.

"ಈಗ ಕರೆಂಟು ಪುಕ್ಕಟೆ ಅದ ಅಲ್ರೀ" ಎಂದು ಹಲವರು ಹೇಳುತ್ತಾರೆ. ಪುಕ್ಕಟೆ ಎಂಬ ಶಬ್ದ ಕೇಳಿದಾಗಲೇ ರೈತ ಕಣ್ಣು ತೆರೆದಿರಬೇಕು. ಗೃಹಜ್ಯೋತಿ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂತು. 200 ಯೂನಿಟ್ ಎಲ್ಲರಿಗೂ ಉಚಿತ ಎಂದೇ ಊರೂರಲ್ಲಿ ತಿಳಿದಿದ್ದಾರೆ. ಅದು ಹಾಗಿಲ್ಲ. 2022-23ರಲ್ಲಿ ನಿಮ್ಮ ಮೀಟರಿನ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ಶೇಕಡಾ 10 ಸೇರಿಸಿದರೆ ಬರುವುದು ನಿಮ್ಮ ಪಾಲು. ಸರಾಸರಿ 150 ಇದ್ದರೆ ಪಾಲು 165. ಅದನ್ನು ದಾಟಿ 200ರ ಒಳಗಿದ್ದರೆ ದಾಟಿದ ಯೂನಿಟ್ಟಿಗೆ ಮಾತ್ರ ಹಣ. 200 ದಾಟಿದಿರೋ, ಮೊದಲ ಯೂನಿಟ್ಟಿನಿಂದ ಹಿಡಿದು ಪೂರ್ತಿ ಬಿಲ್ಲು ನಿಮ್ಮ ತಲೆಗೆ.

ಈ ಗೆರೆಯ ಅನ್ಯಾಯವನ್ನು ಸರಿಯಾಗಿ ನೋಡಿರಿ. ಯೋಜನೆ ಮೀಟರನ್ನು ಎಣಿಸುತ್ತದೆ, ತಲೆಯನ್ನು ಎಣಿಸುವುದಿಲ್ಲ. ಬೆಂಗಳೂರಿನ ಮಹಡಿ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದು ಅಂದು ತಿಂಗಳಿಗೆ 180 ಯೂನಿಟ್ ಉರಿಸಿದ್ದರೆ ಇಂದು ಅವರಿಗೆ 198 ಯೂನಿಟ್ ಉಚಿತ. ಭಾಲ್ಕಿಯ ಕಡೆ ಒಂದೇ ಸೂರಿನ ಕೆಳಗೆ ಅಣ್ಣ ತಮ್ಮಂದಿರು, ಮುದುಕರು, ಮಕ್ಕಳು ಸೇರಿ 11 ಮಂದಿ ಇದ್ದು ಮೇ ತಿಂಗಳಲ್ಲಿ 201 ಯೂನಿಟ್ ಆದರೆ ಪೂರ್ತಿ ಹಣ. ತಲೆಗೆ 19 ಯೂನಿಟ್ಟೂ ಬೀಳದವನು ದಂಡ ಕಟ್ಟಬೇಕು, 90 ಯೂನಿಟ್ ಬಳಸುವವನು ಬಿಡಿಗಾಸು ಕೊಡಬೇಕಿಲ್ಲ. ಅಂದು ಹೆಚ್ಚು ಉರಿಸಿದವನಿಗೆ ಇಂದು ಹೆಚ್ಚು ಪಾಲು, ಅಂದು ಕೈ ಹಿಡಿದು ಬಳಸಿದವನಿಗೆ ಕಡಿಮೆ ಪಾಲು. 2024ರ ಜನವರಿಯಲ್ಲಿ ಕಡಿಮೆ ಬಳಸುವವರಿಗೆ ಶೇಕಡಾ 10ರ ಬದಲು 10 ಯೂನಿಟ್ ಎಂದು ತುಸು ತಿದ್ದಿದರು. ಕೂಡು ಕುಟುಂಬದ ಮಾತು ಯಾರೂ ಎತ್ತಲಿಲ್ಲ. ಹೊಲ ಒಡೆಯಬಾರದೆಂದು ಒಟ್ಟಿಗೆ ಬಾಳಿದ್ದೇ ನಮ್ಮ ತಪ್ಪಾಯಿತೇನು?

ಸರಿ, ಅನ್ಯಾಯ ಅನ್ಯಾಯವೇ. ಅದರ ವಿರುದ್ಧ ಕೇಳುವುದು ಕೇಳೋಣ. ಅಲ್ಲಿಯತನಕ ತಿಂಗಳ ಬಿಲ್ಲು ಸುಮ್ಮನಿರುವುದಿಲ್ಲ. ಆದ್ದರಿಂದ ಲೆಕ್ಕ ಹಿಡಿಯಿರಿ.

75 ವ್ಯಾಟಿನ ಹಳೆಯ ಫ್ಯಾನು 5, ದಿನಕ್ಕೆ 10 ತಾಸು: ತಿಂಗಳಿಗೆ 112 ಯೂನಿಟ್ಟಿನ ಮೇಲೆ. ಚೋಕು ಇರುವ ಹಳೆಯ ಟ್ಯೂಬು 4, ಚೋಕು ಸೇರಿ 50 ವ್ಯಾಟ್, ದಿನಕ್ಕೆ 5 ತಾಸು: 30 ಯೂನಿಟ್. ಹಳೆಯ ಫ್ರಿಜ್ಜು ದಿನಕ್ಕೆ ಒಂದೂವರೆ ಯೂನಿಟ್ ತಿಂದರೆ 45. ನೀರು ಕಾಯಿಸುವ 1,500 ವ್ಯಾಟಿನ ರಾಡು ದಿನಕ್ಕೆ ಅರ್ಧ ತಾಸು: 22 ದಾಟಿತು. ಟಿ.ವಿ. ಮತ್ತು ಅದರ ಡಬ್ಬಿ ಸೇರಿ 15. ಕೂಡಿಸಿರಿ. 225 ಯೂನಿಟ್ ಆಯಿತು. ಇದರಲ್ಲಿ ಏನು ಐಷಾರಾಮ ಅದ? ಏರ್ ಕಂಡಿಷನರ್ ಇಲ್ಲ, ವಾಷಿಂಗ್ ಮೆಷಿನ್ ಇಲ್ಲ. ಸಾದಾ ರೈತನ ಮನೆ.

ಈಗ ಹಣದ ಲೆಕ್ಕ. 2025ರ ಏಪ್ರಿಲ್ 1ರಿಂದ ಜಾರಿಯಾದ ದರದಂತೆ ಮನೆಯ ಕರೆಂಟು ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ಶೇಕಡಾ 9 ತೆರಿಗೆ. ಜೊತೆಗೆ ವಿದ್ಯುತ್ ನೌಕರರ ಪಿಂಚಣಿ ಬಾಬ್ತು ಯೂನಿಟ್ಟಿಗೆ 36 ಪೈಸೆ. ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ. ಲೋಡು 2 ಕಿಲೋವ್ಯಾಟ್ ಇದ್ದರೆ 225 ಯೂನಿಟ್ಟಿಗೆ 1,790 ರೂಪಾಯಿಯ ಸುಮಾರು. ದರ ಮುಂದೆ ಪೈಸೆ ಮೇಲೆ ಕೆಳಗೆ ಆದೀತು, ಲೆಕ್ಕದ ದಾರಿ ಇದೇ.

ಇನ್ನು ಏನು ಮಾಡಬೇಕು ನೋಡಿರಿ. ರಾಡು ಬಿಡಿರಿ. ತೊಗರಿ ಕಟ್ಟಿಗೆ ಹಿತ್ತಲಲ್ಲಿ ಬಿದ್ದಿದೆ, ಹಂಡೆ ಹಾಗೇ ಇದೆ. 22 ಯೂನಿಟ್ ಉಳಿಯಿತು. ನಾಲ್ಕು ಟ್ಯೂಬಿನ ಜಾಗಕ್ಕೆ 20 ವ್ಯಾಟಿನ ಎಲ್.ಇ.ಡಿ. ಪಟ್ಟಿ ಹಾಕಿರಿ. 18 ಯೂನಿಟ್ ಉಳಿಯಿತು. 225 ಇದ್ದದ್ದು 185ಕ್ಕೆ ಇಳಿಯಿತು, ಗೆರೆಯ ಒಳಗೆ ಬಂತು. ನಿಮ್ಮ ಪಾಲು 165 ಇದ್ದರೆ ಕಟ್ಟಬೇಕಾದ್ದು 20 ಯೂನಿಟ್ಟಿನ ಹಣ, 135 ರೂಪಾಯಿಯ ಆಸುಪಾಸು. ಎಲ್ಲಿ 1,790, ಎಲ್ಲಿ 135! ಏಪ್ರಿಲ್, ಮೇ, ಜೂನ್, ಸೆಕೆಯ ಮೂರು ತಿಂಗಳು ಹೀಗೆ ಗೆರೆಯ ಒಳಗೆ ನಿಂತರೆ ಉಳಿಯುವುದು ಸುಮಾರು 5,000 ರೂಪಾಯಿ. ಬೆಂಬಲ ಬೆಲೆ ಸಿಕ್ಕರೂ ಅದು ಹೆಚ್ಚು ಕಡಿಮೆ ಒಂದು ಕ್ವಿಂಟಲ್ ಸೋಯಾ. ಸಿಗದಿದ್ದರೆ ಒಂದಕ್ಕೂ ಹೆಚ್ಚು. ಆ ಒಂದು ಕ್ವಿಂಟಲ್ ಬೆಳೆಯಲು ಬೀಜ, ಗೊಬ್ಬರ, ಕಳೆ, ರಾಶಿ ಎಂದು ಎಷ್ಟು ಬೆವರು ಸುರಿಸುತ್ತೀರಿ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಈಗ ಅಂಗಡಿಗಳಲ್ಲಿ 30 ವ್ಯಾಟಿನ ಹೊಸ ತರದ ಫ್ಯಾನು ಬಂದಿವೆ, ಬಿ.ಎಲ್.ಡಿ.ಸಿ. ಅನ್ನುತ್ತಾರೆ. ದಿನಕ್ಕೆ 10 ತಾಸು ತಿರುಗಿದರೆ ಒಂದೊಂದಕ್ಕೆ ತಿಂಗಳಿಗೆ 13 ಯೂನಿಟ್ ಉಳಿಯುತ್ತದೆ. ಒಳ್ಳೆಯ ಮಾಲು. ಆದರೆ ಹಳೆಯದು ಕೆಟ್ಟಾಗ ಕೊಳ್ಳಿರಿ. ಉಳಿಸಲೆಂದು ಸಾಲ ಮಾಡಿ ಫ್ಯಾನು ತರಬೇಡಿರಿ. ಕಂತಿನ ಆಸೆ ತೋರಿಸುವ ಅಂಗಡಿಯವನು ನಿಮ್ಮ ಬಿಲ್ಲು ಕಟ್ಟಲು ಬರುವುದಿಲ್ಲ.

ಇದೆಲ್ಲದರ ಬುಡ ಒಂದೇ. ದಿನಾ ಓದಬೇಕು. ಮಕ್ಕಳ ಹಳೆಯ ನೋಟುಪುಸ್ತಕ ಒಂದನ್ನು ಮೀಟರಿನ ಕೆಳಗೆ ದಾರ ಕಟ್ಟಿ ತೂಗುಹಾಕಿರಿ. ದಿನಾ ಒಂದೇ ಹೊತ್ತಿಗೆ, ದೀಪ ಹಚ್ಚುವ ಹೊತ್ತಾದರೂ ಸರಿ, ಯೂನಿಟ್ ತೋರಿಸುವ ಅಂಕಿ ಬರೆಯಿರಿ. ನಿನ್ನೆಯದನ್ನು ಕಳೆಯಿರಿ. ದಿನಕ್ಕೆ ಆರೂವರೆ ಯೂನಿಟ್ ಮೀರಿದರೆ ತಿಂಗಳ ಕೊನೆಗೆ ಗೆರೆ ಹತ್ತಿರ ಬರುತ್ತದೆ ಎಂದೇ ತಿಳಿಯಿರಿ. ಈ ಕೆಲಸ ಮನೆಯ ಹೆಣ್ಣುಮಕ್ಕಳಿಗೆ ಇಲ್ಲವೆ ಶಾಲೆಗೆ ಹೋಗುವ ಕೂಸಿಗೆ ಒಪ್ಪಿಸಿರಿ, ನಮಗಿಂತ ಚೊಕ್ಕ ಮಾಡ್ತಾರ. ಯಾವ ಯಂತ್ರ ಎಷ್ಟು ತಿನ್ನುತ್ತದೆಂಬ ಸಂಶಯ ಬಂದರೆ ಮಿಕ್ಕಿದ್ದೆಲ್ಲ ಆರಿಸಿ ಅದೊಂದನ್ನೇ ಒಂದು ತಾಸು ಓಡಿಸಿ ನೋಡಿರಿ. ಎಲ್ಲ ಆರಿಸಿದ ಮೇಲೂ ಮೀಟರಿನ ಕೆಂಪು ದೀಪ ಮಿಣುಕುತ್ತಿದ್ದರೆ ಯಾವುದೋ ಯಂತ್ರ ಇನ್ನೂ ಹತ್ತಿಯೇ ಇದೆ, ಇಲ್ಲವೆ ವೈರಿಂಗಿನಲ್ಲಿ ಎಲ್ಲೋ ಸೋರುತ್ತಿದೆ. ತಿಳಿದವರನ್ನು ಕರೆಸಿ ತೋರಿಸಿರಿ.

ಬಿಲ್ಲು ಬಂದಾಗ ಮೂರು ನೋಡಿರಿ. ಹಿಂದಿನ ಓದು, ಈಗಿನ ಓದು, ಎರಡರ ದಿನಾಂಕ. 30 ದಿನಕ್ಕೆ ಬದಲು 35 ದಿನಕ್ಕೆ ಓದಿದರೆ ದಿನಕ್ಕೆ 6 ಯೂನಿಟ್ ಬಳಸುವ ಮನೆ 180ರಲ್ಲಿ ನಿಲ್ಲದೆ 210ಕ್ಕೆ ಹೋಗುತ್ತದೆ. ಆ ಐದು ದಿನ ತಡ ಯಾರದು, ದಂಡ ಯಾರಿಗೆ? ಅಂಥ ಬಿಲ್ಲು ಬಂದರೆ ಸುಮ್ಮನೆ ಕಟ್ಟಬೇಡಿರಿ. ನೋಟುಪುಸ್ತಕ ಹಿಡಿದು ಜೆಸ್ಕಾಂ ಶಾಖೆಗೆ ಹೋಗಿ ಲಿಖಿತ ಅರ್ಜಿ ಕೊಡಿರಿ, ಸ್ವೀಕೃತಿ ಪಡೆಯಿರಿ. 1912ಕ್ಕೆ ಫೋನು ಮಾಡಿ ದೂರಿನ ನಂಬರು ಬರೆದಿಟ್ಟುಕೊಳ್ಳಿರಿ. ಅಲ್ಲಿ ಆಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ಬಾಯಿಮಾತಿಗೆ ಕಚೇರಿಯಲ್ಲಿ ಕಿಮ್ಮತ್ತಿಲ್ಲ. ಬರೆದಿಟ್ಟ ಅಂಕಿಗೆ ಇದೆ.

ಹಾಗೆಂದು ಈ ನೋಟುಪುಸ್ತಕ ಪಂಪ್‌ಸೆಟ್ಟಿಗೆ ಮೀಟರು ಕೂಡಿಸಲು ಒಪ್ಪಿಗೆ ಎಂದು ಯಾವ ಸಾಹೇಬನೂ ತಿಳಿಯಬಾರದು. 2008ರಿಂದ 10 ಎಚ್.ಪಿ.ವರೆಗಿನ ನೀರಾವರಿ ಪಂಪಿಗೆ ಕರೆಂಟು ಉಚಿತವಾಗಿರುವುದು ಯಾರ ದಾನವೂ ಅಲ್ಲ. ಬೆಳೆಗೆ ಸರಿಯಾದ ಬೆಲೆ ಕೊಡದೆ ಉಳಿಸಿಕೊಂಡ ಹಣದಲ್ಲಿ ಒಂದು ಚೂರು ತಿರುಗಿ ಬಂದದ್ದು, ಅಷ್ಟೇ. ಮೀಟರಿಲ್ಲದ ಪಂಪಿನ ಬಳಕೆಯನ್ನು ಅಂದಾಜಿನಿಂದ ಬರೆಯುತ್ತಾರೆ. ಅಂದಾಜು ಬರೆಯುವ ಪೆನ್ನು ನಮ್ಮ ಕೈಯಲ್ಲಿಲ್ಲ. ತಂತಿಯಲ್ಲಿ ಸೋರಿದ್ದು ರೈತನ ಹೆಸರಿಗೆ ಬೀಳುವುದಿಲ್ಲ ಎಂದು ಯಾರು ಖಾತ್ರಿ ಕೊಡುತ್ತಾರೆ? ಮನೆಯ ಲೆಕ್ಕ ಹಿಡಿಯಲು ಕಲಿತವನೇ ನಾಳೆ ಆ ಅಂದಾಜನ್ನೂ ಎದುರು ನಿಂತು ಪ್ರಶ್ನಿಸಬಲ್ಲ.

ಬೀದರಿಗೆ ಹೋದಾಗ ನೌಬಾದದ ಕರೇಜನ್ನು ಒಮ್ಮೆ ನೋಡಿ ಬನ್ನಿರಿ. 15ನೇ ಶತಮಾನದಲ್ಲಿ, ಬಹಮನಿಗಳ ಕಾಲದಲ್ಲಿ ಕೆಂಪು ಮುರಕಲ್ಲಿನೊಳಗೆ ಕೊರೆದ ಸುರಂಗ ಕಾಲುವೆ. ಉದ್ದಕ್ಕೂ ಬಾವಿಯಂಥ ಕಿಂಡಿಗಳು. ನೆಲದೊಳಗಿನ ನೀರು ಇಳಿಜಾರು ಹಿಡಿದು ತಾನೇ ಹರಿದು ಬರುವಂತೆ ಮಾಡಿದ್ದರು. ಮೋಟಾರಿಲ್ಲ, ಯೂನಿಟ್ಟಿಲ್ಲ, ಬಿಲ್ಲಿಲ್ಲ. ಅದು ಪವಾಡದಿಂದ ಆದದ್ದಲ್ಲ. ಇಳಿಜಾರನ್ನು ಅಳೆದು ಅಳೆದು ಅಗೆದಿದ್ದಕ್ಕೆ ಆಯಿತು. ಅಳತೆ ತಪ್ಪಿದ್ದರೆ ನೀರು ಬರುತ್ತಿರಲಿಲ್ಲ. ಮುಂದೆ ನೋಡುವವರಿಲ್ಲದೆ ಹೂಳು ತುಂಬಿತು. ನಮ್ಮ ಮನೆಯ ಲೆಕ್ಕಕ್ಕೂ ಹೂಳು ತುಂಬಿದೆ.

ಸರ್ಕಾರದ ಮುಂದೆ ನಮ್ಮ ಬೇಡಿಕೆ ಇಷ್ಟು. 200 ದಾಟಿದವನಿಂದ ದಾಟಿದ ಯೂನಿಟ್ಟಿಗೆ ಮಾತ್ರ ಹಣ ಪಡೆಯಿರಿ, ಮೊದಲಿನಿಂದ ಹಿಡಿಯಬೇಡಿರಿ. ಒಂದೇ ಸೂರಿನಡಿ ಬೇರೆ ಬೇರೆ ರೇಷನ್ ಕಾರ್ಡಿನ ಕುಟುಂಬಗಳಿದ್ದರೆ ಪಾಲನ್ನೂ ಅದರಂತೆ ಹೆಚ್ಚಿಸಿರಿ. ಮೀಟರು ಓದುವುದು ತಡವಾದರೆ ಆ ದಿನಗಳ ಯೂನಿಟ್ಟನ್ನು ಗೆರೆಯ ಲೆಕ್ಕದಿಂದ ತೆಗೆಯಿರಿ. ಈ ಮೂರೂ ಬೇಡಿಕೆಯನ್ನು ನಿಮ್ಮ ಗ್ರಾಮಸಭೆಯಲ್ಲಿ ಠರಾವು ಮಾಡಿ ಕಳಿಸಿರಿ.

ಠರಾವಿನ ಜೊತೆಗೆ ಊರಿನ 50 ಮನೆಗಳ ಮೂರು ತಿಂಗಳ ಅಂಕಿ ಲಗತ್ತಿಸಿರಿ. ಬರೀ ಕೂಗಿದರೆ "ರೈತರು ಯಾವಾಗಲೂ ಕೂಗ್ತಾರ" ಎಂದು ಕಡತ ಮುಚ್ಚುತ್ತಾರೆ. 50 ಮನೆಯ ಲೆಕ್ಕವನ್ನು ಮೇಜಿನ ಮೇಲೆ ಇಟ್ಟರೆ ಉತ್ತರ ಕೊಡಲೇಬೇಕಾಗುತ್ತದೆ.

ಇಂದು ಸಂಜೆ ದೀಪ ಹಚ್ಚಿದ ಮೇಲೆ ಮೀಟರಿನ ಮುಂದೆ ಒಂದು ಗಳಿಗೆ ನಿಲ್ಲಿರಿ. ಮೊದಲ ಅಂಕಿ ಬರೆಯಿರಿ.